ಕಳ್ಳಂಬೆಳ್ಳ ಕೆರೆಗೆ ಬಿಟ್ಟ ಫ್ಯಾನು

ನನ್ನ ಅಕ್ಷರ ದುಂಡಗಿಲ್ಲ. ಮಾತು ಜೋಡಿಸುವುದೂ ಅಷ್ಟಾಗಿ ಬರುವುದಿಲ್ಲ. ಹತ್ತನೇ ತರಗತಿ ಮುಗಿಸದೆ ಶಾಲೆ ಬಿಟ್ಟವಳು ನಾನು, ಓದುವವರು ಮನ್ನಿಸಬೇಕು. ತಪ್ಪಾಗಬಾರದೆಂದು ಮೊದಲು ಪೆನ್ಸಿಲಿನಲ್ಲಿ ಬರೆದು ಅದರ ಮೇಲೆ ಪೆನ್ನು ಆಡಿಸುತ್ತಿದ್ದೇನೆ. ಬರೆಯುತ್ತಿರುವುದು ನನ್ನ ತಾತ ಕಾಡಸಿದ್ದಪ್ಪನವರ ವಿಚಾರ. ಅವರ ವಿಚಾರ ತೆಗೆದರೆ ಒಂದು ವಿಮಾನದ ವಿಚಾರವೂ ಬರುತ್ತದೆ. ಎರಡನ್ನೂ ಬೇರೆ ಮಾಡಿ ಬರೆಯಲು ನನಗೆ ಆಗಲಿಲ್ಲ.

ನಮ್ಮ ಮನೆ ಕೊಡಿಗೇನಹಳ್ಳಿಯಲ್ಲಿ. ತಾತ ಮೀಸೆ ಚಿಗುರುವ ಮೊದಲೇ ಮಧುಗಿರಿಯ ಒಂದು ಕಡಲೆಕಾಯಿ ಎಣ್ಣೆ ಮಿಲ್ಲಿಗೆ ಕೆಲಸಕ್ಕೆ ಸೇರಿ, ಅಲ್ಲೇ ಫಿಟ್ಟರ್ ಆದರು. ಮಿಲ್ಲಿನ ಯಜಮಾನರ ಹೆಸರು ರುದ್ರಮುನಿ. ಅವರಿಗೆ ಎಣ್ಣೆಯ ವ್ಯಾಪಾರಕ್ಕಿಂತ ಯಂತ್ರಗಳ ಮೇಲೆ ಆಸೆ ಹೆಚ್ಚು. ಎಂಬತ್ತರ ದಶಕದಲ್ಲಿ ಹೊರದೇಶದಿಂದ ಒಂದು ವಿಮಾನ ತರಿಸಿದರು. ಮದರಾಸಿನಿಂದ ಲಾರಿಯಲ್ಲಿ ಬಂದದ್ದು ಬರೀ ಮರದ ಪೆಟ್ಟಿಗೆಗಳು. ಒಳಗೆ ಅಲ್ಯೂಮಿನಿಯಂ ಪೈಪು, ರೆಕ್ಕೆಗೆ ಹೊದಿಸುವ ಬಟ್ಟೆ, ನಟ್ಟು ಬೋಲ್ಟು, ಸಣ್ಣದೊಂದು ಎಂಜಿನ್, ಮರದ ಪ್ರೊಪೆಲ್ಲರ್. ಕೊಂಡವರೇ ಜೋಡಿಸಿಕೊಳ್ಳಬೇಕು. ಇಂಥವನ್ನು ಕಿಟ್ ವಿಮಾನ ಎನ್ನುತ್ತಾರೆ ಎಂದು ನನಗೆ ಗೊತ್ತಾದದ್ದು ಈಚೆಗೆ. ತಾತ ಅದನ್ನು ಯಾವಾಗಲೂ 'ನಮ್ಮದು' ಎಂದೇ ಕರೆಯುತ್ತಿದ್ದರು. ಪ್ರೊಪೆಲ್ಲರಿಗೆ 'ಫ್ಯಾನು' ಎನ್ನುತ್ತಿದ್ದರು.

ಯಜಮಾನರು ಚಿತ್ರ ನೋಡಿ ಹೇಳುವುದು, ತಾತ ಜೋಡಿಸುವುದು. ಮಿಲ್ಲಿನ ಗೋದಾಮಿನಲ್ಲಿ, ಕಡಲೆಕಾಯಿ ಮೂಟೆಗಳ ನಡುವೆ ಅದು ಎದ್ದು ನಿಂತಿತು. ಸಿರಾ ರಸ್ತೆಯ ಒಂದು ಬಯಲಿನಲ್ಲಿ ರುದ್ರಮುನಿಯವರು ಅದನ್ನು ಕೆಲವು ಸಲ ಹಾರಿಸಿದರಂತೆ. ಆಮೇಲೆ ಅವರಿಗೆ ಹೃದಯದ ಕಾಯಿಲೆ ಬಂತು. ಆಸ್ಪತ್ರೆಗೆ ಹೋಗುವ ದಿನ, "ಸಿದ್ದ, ಅದನ್ನ ನೋಡ್ಕೋ" ಎಂದರು. ತಿರುಗಿ ಬರಲಿಲ್ಲ.

ತಾತ ನೋಡಿಕೊಂಡರು. ಮಿಲ್ಲು ನಿಂತುಹೋಗಿ ಕೊಡಿಗೇನಹಳ್ಳಿಯಲ್ಲಿ ಸೈಕಲ್ ಶಾಪು ಇಟ್ಟ ಮೇಲೂ ಗೋದಾಮಿನ ಬೀಗದ ಕೈ ಅವರ ಉಡಿದಾರದಲ್ಲೇ ಇತ್ತು. ವಾರಕ್ಕೊಮ್ಮೆ ಮಧುಗಿರಿಗೆ ಹೋಗಿ ಧೂಳು ಹೊಡೆದು ಬರುತ್ತಿದ್ದರು. ಬಸ್ ನಿಲ್ದಾಣದಲ್ಲಿ ಹುಡುಗರು ರೇಗಿಸದೆ ಬಿಡುತ್ತಿರಲಿಲ್ಲ. ವಳ್ಳೂರಿನ ಹೊಲಗಳ ತುಂಬ ಈಗ ಸೋಲಾರ್ ಪ್ಲೇಟುಗಳಿವೆ, ಅದೂ ಅವರಿಗೊಂದು ತಮಾಷೆ.

"ತಾತೋ, ವಳ್ಳೂರಿಗೆ ಒಂದು ಟಿಕೆಟ್ ಕೊಡು. ಸೋಲಾರ್ ಪ್ಲೇಟ್ ಮೇಲೆ ಇಳಿಸ್ಬೇಡ ಮತ್ತೆ."

"ಮೊದ್ಲು ನಿಮ್ಮಪ್ಪನ ಸೈಕಲ್ ಬಾಡಿಗೆ ಕೊಡು ಕಣ್ಲಾ, ಆಮೇಲೆ ಟಿಕೆಟ್ಟು" ಎನ್ನುತ್ತಿದ್ದರು ತಾತ.

ಶಾಲೆಯಲ್ಲಿ ನನಗೂ ಏರೋಪ್ಲೇನ್ ರಕ್ಷಾ ಎಂಬ ಹೆಸರು ಬಿದ್ದಿತ್ತು. ನಾನು ತಾತನ ಹಾಗೆ ತಿರುಗಿಸಿ ಹೇಳಲಾರೆ. ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದೆ.

ಪ್ರತಿ ವರ್ಷ ಆಯುಧಪೂಜೆಗೆ ತಾತ ವಿಮಾನಕ್ಕೆ ಬಣ್ಣ ಹೊಡೆಯುತ್ತಿದ್ದರು. ಮಿಲ್ಲಿನ ಕಿಟಕಿಗಳಿಗೆ ಹೊಡೆದು ಉಳಿದ ನೀಲಿ ಬಣ್ಣದಿಂದ ಶುರುವಾದದ್ದು, ಆಮೇಲೆ ಅದೇ ಬಣ್ಣವನ್ನು ಕೊಂಡು ತರುವುದು ರೂಢಿಯಾಯಿತು. ಹಬ್ಬದ ದಿನ ಯಾವುದೂ ಹಳತಾಗಿ ಕಾಣಬಾರದಲ್ಲ. ವಿಭೂತಿ, ಕುಂಕುಮ, ಚೆಂಡುಹೂವು, ಚಕ್ರದ ಕೆಳಗೆ ನಿಂಬೆಹಣ್ಣು, ಮುಂದೆ ಬೂದುಗುಂಬಳ. ಅಜ್ಜಿ ಲಕ್ಕಮ್ಮ ಬೈಯುತ್ತಿದ್ದಳು. "ಮನೇಲಿ ಒಂದು ದೀಪ ಹಚ್ಚು ಅಂದ್ರೆ ಸೊಂಟ ನೋವು ಅಂತದೆ ಈವಯ್ಯ. ಆ ತಗಡಿಗೆ ಮಾತ್ರ ಮಂಡಿಯೂರಿ ಮಂಗಳಾರತಿ."

ಈ ವರ್ಷ ಮಿಲ್ಲಿನ ಜಾಗ ಮಾರಾಟವಾಯಿತು. ಅಲ್ಲಿ ಕಲ್ಯಾಣಮಂಟಪ ಬರುತ್ತದೆ. ರುದ್ರಮುನಿಯವರ ಮಗಳು ಲೋಹಿತಾ ತುಮಕೂರಿನಲ್ಲಿದ್ದಾರೆ. ಸಿರಾದ ಗುಜರಿಯವರು ವಿಮಾನ ಕೇಳಿದಾಗ ಕೊಡಲು ಲೋಹಿತಾ ಅವರಿಗೆ ಮನಸ್ಸಾಗಲಿಲ್ಲ. ಬೆಂಗಳೂರಿನ ಹತ್ತಿರ ಹಳೆಯ ಸಣ್ಣ ವಿಮಾನಗಳನ್ನು ಕಾಪಾಡಿ ಇಡುವ ಒಂದು ಜಾಗ ಇದೆ ಎಂದು ಕೇಳಿ, ಅಲ್ಲಿಯ ಮೋಹನ್ ಕುಮಾರ್ ಎಂಬುವರನ್ನು ಕರೆಸಿದರು. ಅವರು ಒಪ್ಪಿದರೆ ವಿಮಾನ ಉಳಿಯುತ್ತದೆ, ಇಲ್ಲವಾದರೆ ಗುಜರಿಗೆ. ತಾತ ಒಗೆದ ಬಿಳಿ ಅಂಗಿ ಹಾಕಿಕೊಂಡು ಹೊರಟರು. ಜೊತೆಗೆ ನನ್ನನ್ನೂ ಕರೆದರು.

ಲೋಹಿತಾ ಅವರ ಜೊತೆ ಗೋದಾಮಿಗೆ ಬಂದ ಮೋಹನ್ ಕುಮಾರ್ ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ತಾತನಿಗೆ ಅದು ಬಹಳ ಹಿಡಿಸಿತು. ಅವರು ಟಾರ್ಚ್ ಹಿಡಿದು ಮೂತಿಯಿಂದ ಬಾಲದವರೆಗೆ ಸುತ್ತು ಹಾಕಿದರು. ನೀಲಿ ಬಣ್ಣವನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದರು.

"ಈ ಬಣ್ಣ ನಿಮ್ಮದಾ?"

"ನಂದೇ ಸಾ. ವರ್ಷ ವರ್ಷ ತಪ್ಪಿಸಿಲ್ಲ."

ಅವರು ಟಾರ್ಚ್ ಆರಿಸಿದರು. ಆಮೇಲೆ ಲೋಹಿತಾ ಅವರ ಕಡೆ ತಿರುಗಿ ಬಿಡಿಸಿ ಹೇಳಿದರು. ಇಂಥ ವಿಮಾನ ಚೆಂದವಾಗಿದೆಯೋ, ಹಾರುತ್ತದೆಯೋ ಎಂದು ಯಾರೂ ನೋಡುವುದಿಲ್ಲವಂತೆ. ಆ ಕಾಲದಲ್ಲಿ ಮನೆಯಲ್ಲಿ ಕೂತು ಜೋಡಿಸಿದವರ ಕೈ ಗುರುತು ಅದರಲ್ಲಿ ಉಳಿದಿರಬೇಕು. ಮೊದಲ ಬಟ್ಟೆ, ಮೊದಲ ಬಣ್ಣ, ಮೊದಲ ಮೊಳೆ. ಸೀಳಿದ್ದರೂ ಸರಿ, ತುಕ್ಕು ಹಿಡಿದಿದ್ದರೂ ಸರಿ. ಹೊಸದು ಮಾಡಿದಷ್ಟೂ ಅದರ ಬೆಲೆ ಹೋಗುತ್ತದೆ.

ತಾತ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು.

"ಬಣ್ಣ ಇರಲಿ, ಅದನ್ನ ನಿಧಾನಕ್ಕೆ ತೆಗೀಬಹುದು" ಎಂದರು ಮೋಹನ್ ಕುಮಾರ್. "ಪ್ರೊಪೆಲ್ಲರ್ ಮೊದಲಿಂದ ಇದ್ದದ್ದೇ ತಾನೇ?"

ತಾತ ನೆಲ ನೋಡುತ್ತಾ ಹೇಳಿದರು. "ಅದೇ ಸಾ. ಮೊದ್ಲಿಂದ ಇರೋದೇ."

ಅದು ಸುಳ್ಳು. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ತಾತನ ಕಿವಿ ಕೆಂಪಾದದ್ದು ನನಗೆ ಕಂಡಿತು. ನನಗೂ ಮುಖ ಬಿಸಿಯಾಯಿತು. ಆದರೆ ಮೋಹನ್ ಕುಮಾರ್ ನಗುತ್ತಾ "ಹಾಗಾದರೆ ಒಯ್ಯೋಣ" ಎಂದಾಗ, ಅವರು ಇನ್ನೇನೂ ಕೇಳದಿರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಅವರು ಮತ್ತೇನೂ ಕೇಳಲಿಲ್ಲ. ಫೋಟೋ ತೆಗೆಯಲು ಫೋನು ಹಿಡಿದರು. "ಯಜಮಾನರೇ, ಹಾಗೇ ಪ್ರೊಪೆಲ್ಲರ್ ಮೇಲೆ ಕೈಯಿಟ್ಟು ನಿಂತ್ಕೊಳ್ಳಿ."

ತಾತ ಹೋಗಿ ನಿಂತರು. ಕೈ ಎತ್ತಿದರು. ಇಡಲಿಲ್ಲ.

"ಇಡಿ, ಇಡಿ. ನೀವು ಜೋಡಿಸಿದ್ದೇ ಅಲ್ವಾ?"

"ಇದು ಅದಲ್ಲ ಸಾ" ಎಂದರು ತಾತ. "ಸುಳ್ಳು ಹೇಳ್ಬುಟ್ಟೆ."

ಮೋಹನ್ ಕುಮಾರ್ ಫೋನು ಕೆಳಗಿಳಿಸಿದರು. ಲೋಹಿತಾ, "ಸಿದ್ದಣ್ಣ, ಅದೆಲ್ಲಿ ಹೋಯ್ತು ಮತ್ತೆ?" ಎಂದು ಕೇಳಿದರು.

"ಒಂದು ಬೇಸಿಗೇಲಿ ನಡುಮಧ್ಯಕ್ಕೆ ಬಿರುಕು ಬುಟ್ಟಿತ್ತು ಕಣಮ್ಮ. ಅಷ್ಟು ವರ್ಷ ಕುಂಕುಮ ಇಟ್ಟಿದ್ದೆ ಅದಕ್ಕೆ. ಭಿನ್ನ ಆದ್ಮೇಲೆ ಪೂಜೆ ಮಾಡಂಗಿಲ್ಲ. ತಿಪ್ಪೆಗೆ ಎಸ್ಯಕ್ಕಾಯ್ತದಾ, ಒಲೆಗೆ ಇಡಕ್ಕಾಯ್ತದಾ? ಗಂಗೆಗೆ ಬುಟ್ಟೆ."

ಒಡೆದ ದೇವರ ಮೂರ್ತಿಯನ್ನು, ಹರಿದ ದೇವರ ಪಟವನ್ನು ನಾವು ನೀರಿಗೆ ಬಿಡುತ್ತೇವೆ. ತಾತ ಮಾಡಿದ್ದೂ ಅದನ್ನೇ. ಫ್ಯಾನನ್ನು ಹೊಸ ಪಂಚೆಯಲ್ಲಿ ಸುತ್ತಿಕೊಂಡು ಅಜ್ಜಿಯ ತವರು ಕಳ್ಳಂಬೆಳ್ಳಕ್ಕೆ ಬಸ್ಸಿನಲ್ಲಿ ಹೋದರಂತೆ. ಕಂಡಕ್ಟರ್ "ಏನಿದು?" ಎಂದಾಗ "ದೇವ್ರು" ಎಂದರಂತೆ. ಅವನು ಕೈಮುಗಿದು ಮುಂದಿನ ಸೀಟು ಬಿಡಿಸಿಕೊಟ್ಟನಂತೆ. ಮರ ತೇಲಬಾರದೆಂದು ಕಲ್ಲು ಕಟ್ಟಿ, ಅಲ್ಲಿಯ ಕೆರೆಯಲ್ಲಿ ಎದೆಯುದ್ದ ನೀರಿಗಿಳಿದು ಬಿಟ್ಟು ಬಂದರು. ಹೊಸದನ್ನು ಬಡಗಿ ಅಡವಯ್ಯನವರಿಂದ ತೇಗದಲ್ಲಿ ಮಾಡಿಸಿದರು. ಯಜಮಾನರ ಮಾತು ನಡೆಸಿದೆನೆಂದು ಅಂದು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದರಂತೆ.

ಮೋಹನ್ ಕುಮಾರ್ ಒಂದು ಖಾಲಿ ಮೂಟೆಯ ಮೇಲೆ ಕೂತರು. "ಒಡೆದ ಪ್ರೊಪೆಲ್ಲರನ್ನ ಗುಜರಿಗೆ ಹಾಕಿದವರನ್ನ ನೋಡಿದೀನಿ, ಮಗುವಿನ ಆಟಕ್ಕೆ ಅಂತ ತೊಟ್ಟಿಲಿನ ಮೇಲೆ ಕಟ್ಟಿದವರನ್ನೂ ನೋಡಿದೀನಿ. ಗಂಗೆಗೆ ಬಿಟ್ಟವರನ್ನ ನೋಡಿರ್ಲಿಲ್ಲ" ಎಂದರು. ಬೈದಿದ್ದರೆ ತಾತನಿಗೆ ಹಗುರಾಗುತ್ತಿತ್ತೇನೋ. ಬಿರುಕು ಬಿಟ್ಟ ಆ ಮೊದಲಿನದೇ ಬೇಕಾಗಿತ್ತು ಎಂದು ಅವರು ಮೆಲ್ಲಗೆ ಹೇಳಿದಾಗ, ತಾತ ಕಂಬದ ಕಡೆ ತಿರುಗಿ ನಿಂತುಬಿಟ್ಟರು.

ಹೊರಡುವಾಗ ಮೋಹನ್ ಕುಮಾರ್ ಒಂದು ದಾರಿ ಹೇಳಿದರು. ಬದಲಾಯಿಸಿದ ಭಾಗ ಇದ್ದರೂ, ಯಾವುದನ್ನು ಯಾರು ಯಾಕೆ ಬದಲಾಯಿಸಿದರು ಎಂಬುದು ನಿಜವಾಗಿ ಗೊತ್ತಿದ್ದರೆ ಅವರು ಒಪ್ಪುತ್ತಾರೆ. ಗೊತ್ತಿಲ್ಲದಿದ್ದರೆ ಒಪ್ಪುವುದಿಲ್ಲ. ಆದ್ದರಿಂದ ವಿಮಾನವನ್ನು ನೋಡಿಕೊಂಡವರ ಬದುಕನ್ನು, ಮಾಡಿದ್ದೆಲ್ಲವನ್ನೂ ಸೇರಿಸಿ ಬರೆದು ಕೊಡಬೇಕು. ಅದನ್ನು ವಿಮಾನದ ಪಕ್ಕದಲ್ಲೇ ಇಡುತ್ತಾರೆ, ನೋಡಲು ಬಂದವರು ಓದುತ್ತಾರೆ.

"ನನ್ನ ತಪ್ಪು ಬರ್ದು ಗೋಡೆಗೆ ಅಂಟಿಸ್ತೀರಾ?" ಎಂದರು ತಾತ. "ಬ್ಯಾಡ ಸಾ. ನನ್ನೆಸ್ರು ಬ್ಯಾಡ."

ಬಸ್ಸಿನಲ್ಲಿ ತಾತ ಕಿಟಕಿ ಕಡೆ, ನಾನು ನನ್ನ ಕಾಲಿನ ಕಡೆ ನೋಡುತ್ತಾ ಕೂತಿದ್ದೆವು. ಅಂದಿನಿಂದ ಅವರು ಮಧುಗಿರಿಗೆ ಹೋಗಲಿಲ್ಲ. ಬೀಗದ ಕೈಯನ್ನು ಉಡಿದಾರದಿಂದ ಬಿಚ್ಚಿ ಗೂಡಿನಲ್ಲಿಟ್ಟರು. ಲೋಹಿತಾ ಫೋನು ಮಾಡಿ, ಗೋದಾಮು ಒಡೆಯುವವರು ಅವಸರ ಮಾಡುತ್ತಿದ್ದಾರೆ, ಬರೆದದ್ದು ಬರದಿದ್ದರೆ ಗುಜರಿಯವರನ್ನೇ ಕರೆಯಬೇಕಾಗುತ್ತದೆ ಎಂದರು. ನಾನು ಅದನ್ನು ತಾತನಿಗೆ ಹೇಳಿದೆ. ಅವರು ಕೇಳಿಸದವರ ಹಾಗೆ ಎದ್ದು ಹೋದರು.

ಮೊನ್ನೆ ಮಧ್ಯಾಹ್ನ ಜಗುಲಿಯ ಮೇಲೆ ಎಲ್ಲರೂ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆವು. ಅಜ್ಜಿ ಕೈ ನಿಲ್ಲಿಸದೆ ಹೇಳಿದಳು. "ನಿನ್ನೆಸ್ರು ಉಳೀಲಿ ಅಂತ ಯಜಮಾನ್ರದ್ದು ಗುಜರಿಗೆ ಹಾಕ್ತೀಯಾ?"

ತಾತ ಬೀಜ ಇಲ್ಲದ ಹಣ್ಣನ್ನೇ ಮತ್ತೆ ಮತ್ತೆ ಹಿಸುಕುತ್ತಿದ್ದರು. ಆಮೇಲೆ, "ಬರ್ಕೋ ಮಗಾ" ಎಂದರು. "ಬಣ್ಣದಿಂದ ಶುರು ಮಾಡು."

ಹೇಳುತ್ತಾ ಹೋದರು. ನೀಲಿ ಬಣ್ಣದ ಕೆಳಗೆ ಬಿಳಿ ಬಣ್ಣ ಇದೆ, ಅದು ಯಜಮಾನರೇ ಹೊಡೆದದ್ದು. ಎಡ ರೆಕ್ಕೆಯ ತುದಿಯ ಬಟ್ಟೆಯನ್ನು ಇಲಿ ಕಡಿದಿತ್ತು, ಅಲ್ಲಿ ಅಜ್ಜಿಯ ಸೀರೆಯ ತುಂಡು ಅಂಟಿಸಿದೆ. ಸೀಟಿನ ಬೆಲ್ಟು ಹರಿದಾಗ ಹಳೆಯ ಜೀಪಿನದ್ದು ಹಾಕಿದೆ. ಮುಂದಿನ ಚಕ್ರ ಮಾತ್ರ ಮುಟ್ಟಿಲ್ಲ. ಫ್ಯಾನಿನ ವಿಚಾರಕ್ಕೆ ಬಂದಾಗ ಅವರ ಧ್ವನಿ ಕುಗ್ಗಿತು.

"ಅದು ಬ್ಯಾಡ್ವಾ ತಾತ?" ಎಂದೆ.

"ಅದೇ ದಪ್ಪಗೆ ಬರಿ. ಬುಟ್ಟವ್ನು ಕಾಡಸಿದ್ದಪ್ಪ ಅಂತ ಬರಿ. ಅಡವಯ್ಯಂದು ಏನೂ ತಪ್ಪಿಲ್ಲ ಅಂತ್ಲೂ ಬರಿ."

ಬರೆದಿದ್ದೇನೆ. ಬರೆಯುವಾಗ ಅವರು ನನ್ನ ಮುಖ ನೋಡಲಿಲ್ಲ, ನಾನೂ ತಲೆಯೆತ್ತಲಿಲ್ಲ.

ನಾಳೆ ಬೆಳಿಗ್ಗೆ ಇದನ್ನು ತಾತನಿಗೆ ಓದಿ ಹೇಳುತ್ತೇನೆ. ತಪ್ಪಿದ್ದರೆ ತಿದ್ದುತ್ತೇನೆ. ಅವರು ಸಹಿ ಮಾಡಿದ ಮೇಲೆ ಗೂಡಿನಲ್ಲಿರುವ ಬೀಗದ ಕೈಯನ್ನೂ ತೆಗೆದುಕೊಂಡು ಮಧುಗಿರಿಗೆ ಹೋಗಿ, ಅಲ್ಲಿಗೆ ಬರುವ ಲೋಹಿತಾ ಅವರ ಕೈಗೆ ಎರಡನ್ನೂ ಕೊಟ್ಟು ಬರುತ್ತೇನೆ.