ಹಿತಕಿದ ಬೇಳೆ ಮತ್ತು ಚಿಕ್ಕಪ್ಪನ ಗಣಿತ

ಅವರೆಕಾಯಿ ಸೊಗಡು ಮೂಗಿಗೆ ಬಡಿದರೆ ನನಗೆ ಈಗಲೂ ಮೊದಲು ಬರೋದು ಹಸಿವಲ್ಲ, ಹೊಟ್ಟೆಕಿಚ್ಚು. ಮೊನ್ನೆ ವಿಜಯನಗರದ ಮಾರ್ಕೆಟ್ಟಿನಲ್ಲಿ ಮೂಟೆ ಬಿಚ್ಚಿ ಸುರಿಯುತ್ತಿದ್ದರು, ಅಲ್ಲೇ ನಿಂತುಬಿಟ್ಟೆ. ಮಾರೇನಹಳ್ಳಿಯ ನಮ್ಮ ಹಳೇ ಮನೆ, ತಣ್ಣನೆಯ ಕೆಂಪು ಗಾರೆ ನೆಲ, ಅದರ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆಯುತ್ತಾ ಕೂತ ಚಿಕ್ಕಪ್ಪ, ಅವರ ಪಕ್ಕ ನಮ್ಮಕ್ಕ ಸುಮಿತ್ರ. ಮೂಲೆಯಲ್ಲಿ ನಾನು, ನೆನೆಸಿದ ಅವರೆಕಾಳನ್ನು ಬೆರಳಲ್ಲಿ ಹಿತಕಿ ಬೇಳೆ ಬಿಡಿಸುತ್ತಾ. ಪಾಠ ಅವಳಿಗೆ, ಬೋಗುಣಿ ನನಗೆ.

ಹೊಲ ಗದ್ದೆ ಅಂತಲೇ ಬದುಕಿದ್ದ ನಮ್ಮ ವಂಶದಲ್ಲಿ ಕಾಲೇಜು ಮೇಷ್ಟ್ರಾದವರು ಚಿಕ್ಕಪ್ಪ ಒಬ್ಬರೇ. ಗಣಿತವನ್ನೂ ಮನೆ ಸುದ್ದಿ ಥರ ಹೇಳೋರು. ಅಣುವಿನ ಒಳಗೆ ನಡೆಯೋದನ್ನ ಲೆಕ್ಕಕ್ಕೆ ತರೋಕೆ ಒಬ್ಬ ವಿಜ್ಞಾನಿ ಸಂಖ್ಯೆಗಳನ್ನು ಚೌಕಗಳಲ್ಲಿ ಜೋಡಿಸಿದನಂತೆ, ಇನ್ನೊಬ್ಬ ಅಲೆಯ ಸಮೀಕರಣ ಬರೆದನಂತೆ. ಒಬ್ಬನ ದಾರಿ ಕಂಡರೆ ಇನ್ನೊಬ್ಬನಿಗೆ ಆಗ್ತಿರಲಿಲ್ಲವಂತೆ. ಉತ್ತರ ಮಾತ್ರ ಎರಡರಲ್ಲೂ ಒಂದೇ. ಆಮೇಲೆ ಗಣಿತದವರು ಕೊನೆಯಿಲ್ಲದಷ್ಟು ದಿಕ್ಕುಗಳಿರುವ ಒಂದು ಬಯಲನ್ನು ಕಲ್ಪಿಸಿ, ಎರಡೂ ಇದರೊಳಗಿನವೇ ಅಂತ ತೋರಿಸಿಕೊಟ್ಟರಂತೆ. ಇಷ್ಟನ್ನೂ ಹೇಳುವಾಗ ಚಿಕ್ಕಪ್ಪ ನೋಡುತ್ತಿದ್ದುದು ಅಕ್ಕನ ಮುಖವನ್ನ.

ಒಂದು ಸಂಜೆ, ಆ ಚೌಕಗಳನ್ನು ಗುಣಿಸುವಾಗ ಹಿಂದುಮುಂದಾದರೆ ಉತ್ತರವೇ ಬೇರೆಯಾಗಬಹುದು ಅಂದರು. ಅಕ್ಕನ ತಲೆಗೆ ಹೋಗಲಿಲ್ಲ. ನಾನು ಮೂಲೆಯಿಂದಲೇ, "ನೆನೆಸಿ ಹಿತಕಿದ್ರೆ ಬೇಳೆ ಬರತ್ತೆ. ಹಿತಕಿ ನೆನೆಸಿದ್ರೆ ಬರತ್ತಾ ಚಿಕ್ಕಪ್ಪ?" ಅಂದೆ. ಚಿಕ್ಕಪ್ಪ ಜೋರಾಗಿ ನಕ್ಕರು. ನಕ್ಕು, ಸೀಮೆಸುಣ್ಣವನ್ನು ಅಕ್ಕನ ಕೈಗೇ ಕೊಟ್ಟು, ಈಗ ಗೊತ್ತಾಯ್ತಲ್ಲ, ಬರಿ ಅಂದರು. ಮೈಯೆಲ್ಲ ಉರಿದುಹೋಯಿತು ನನಗೆ.

ಈಗ ಆ ಹಳೇ ಮನೆಯ ಜಾಗದಲ್ಲಿ ಬಾಡಿಗೆ ಮನೆಗಳು ಒಂದರ ಮೇಲೊಂದು ಎದ್ದಿವೆ. ಚಿಕ್ಕಪ್ಪನೂ ಇಲ್ಲ. ಅಕ್ಕ ಬಸವೇಶ್ವರನಗರದಲ್ಲಿದ್ದಾಳೆ, ಕಾಲೇಜಲ್ಲಿ ಅದೇ ಪಾಠ ಮಾಡುತ್ತಾಳೆ, ನನ್ನ ಅವರೆಕಾಳಿನ ಉದಾಹರಣೆ ಸಮೇತ! ಮೊನ್ನೆ ಕೊಂಡ ಕಾಯನ್ನು ಅವಳ ಮನೆಗೇ ಒಯ್ದೆ. ಸುಲಿದು, ನೆನೆಸಿ, ಮಾರನೇ ದಿನ ಇಬ್ಬರೂ ಹಿತಕುತ್ತಾ ಕೂತಾಗ ಇಷ್ಟು ವರ್ಷದ್ದನ್ನೆಲ್ಲ ಕಕ್ಕಿಬಿಟ್ಟೆ. ನಿನ್ನನ್ನೇ ಮುದ್ದು ಮಾಡಿದರು, ನಾನು ಬರೀ ಕಾಳಿಗಿದ್ದವಳು ಅಂದೆ.

ಅವಳು ತಲೆ ಎತ್ತಲಿಲ್ಲ. "ನಂಗೆ ಪಾಠ ಹೇಳ್ತಿದ್ರು ಕಣೇ, ಅಷ್ಟೇ. ಮುಗಿದ್ಮೇಲೆ ನಿನ್ ಪಕ್ಕ ಬಂದು ಕೂತು ಹಿತಕ್ತಿದ್ರು. ಅವ್ರು ನಗ್ತಿದ್ದಿದ್ದೆಲ್ಲ ಅಲ್ಲೇ. ನಾನು ಒಬ್ಳೇ ನೆಲ ಒರೆಸ್ತಾ ನಿಮ್ಮಿಬ್ರನ್ನ ನೋಡ್ತಿದ್ದೆ."

ಅವರು ಬಂದು ಕೂರುತ್ತಿದ್ದುದು ನನಗೆ ನೆನಪೇ ಇರಲಿಲ್ಲ. ಹೊಟ್ಟೆಕಿಚ್ಚಾದರೂ ನನ್ನೊಬ್ಬಳದೇ ಅಂದುಕೊಂಡಿದ್ದೆ, ಅದರಲ್ಲೂ ಪಾಲಿಗೆ ಬಂದಳು ಮಹಾರಾಯ್ತಿ. ಅವಳು ಹೇಳೋದೂ ನಾನು ಹೇಳೋದೂ ಒಂದೇ ಮನೆಯ ಕತೆ ಅಂತ ತೋರಿಸಿಕೊಡಬೇಕಾದವರು ಚಿಕ್ಕಪ್ಪ. ಇದ್ದಿದ್ದರೆ ನಾಚಿಕೆ ಬಿಟ್ಟು ಕೇಳಿಯೇಬಿಡುತ್ತಿದ್ದೆ, ಇಬ್ಬರಲ್ಲಿ ಯಾರು ಹೆಚ್ಚು ಅಂತ. ಅಕ್ಕ ಬೋಗುಣಿಯನ್ನು ನಮ್ಮಿಬ್ಬರ ನಡುವಿಗೆ ಎಳೆದುಕೊಂಡಳು.