ಗುಡ್ಡದ ನಾಲ್ಕನೇ ಮಗ್ಗುಲು

ಮೂವತ್ತು ವರ್ಷ ಗೋಡೆಗೆ ಬಣ್ಣ ಬಳಿದವನು ಚಿತ್ರ ಕಲಿಯಹೊರಟಾಗ ನಕ್ಕವರೇ ಹೆಚ್ಚು. ಊರ ಶಾಲೆಯ ಡ್ರಾಯಿಂಗ್ ಟೀಚರ್ ನಗಲಿಲ್ಲ. ಅವರ ಮನೆಗೆ ಸುಣ್ಣ ಹೊಡೆಯಲು ಹೋದವನು ಅಲ್ಲಿದ್ದ ಒಂದು ಚಿತ್ರದ ಮುಂದೆ ಬ್ರಷ್ ಹಿಡಿದು ನಿಂತೇಬಿಟ್ಟಿದ್ದ. ಅದರಲ್ಲಿ ಮನೆ, ಮರ, ರಸ್ತೆ ಎಲ್ಲ ಒಡೆದ ಗಾಜಿನಂತೆ ಚೂರುಚೂರು.

"ಇದಕ್ಕೆ ಕ್ಯೂಬಿಸಂ ಅಂತಾರೆ," ಎಂದರು ಟೀಚರ್. "ನಿಂತ ಕಡೆಯಿಂದ ಕಾಣೋದಷ್ಟೇ ಅಲ್ಲ, ಸುತ್ತಿ ಬಂದು ಎಲ್ಲ ಮಗ್ಗುಲನ್ನೂ ಒಂದೇ ಹಾಳೆಗೆ ತರಬೇಕು. ಊರ ಹಿಂದಿನ ಗುಡ್ಡದಿಂದ ಶುರು ಮಾಡಿ."

ಮೂರು ಭಾನುವಾರ ಮೂರು ಮಗ್ಗುಲು ಬರೆದ. ಒಂದರ ಮೇಲೊಂದು ಏರಿದ ಬೂದು, ಹಸಿರು ತ್ರಿಕೋನಗಳು, ಕೈ ಕುದುರುತ್ತಿತ್ತು. ನಾಲ್ಕನೇ ವಾರ ಹಳೆಯ ಕಲ್ಲುಗಣಿಯ ಕಡೆಯಿಂದ ಹತ್ತಿದ. ಗಣಿಯ ನೆತ್ತಿಯಲ್ಲಿ, ಅಂಗೈ ಹೋಗುವಷ್ಟು ಅಗಲದ ಬಿರುಕೊಂದು ಕಣ್ಣಿಗೆ ಬಿತ್ತು. ಅದರ ನೇರ ಕೆಳಗೆ ಹನ್ನೊಂದು ಮನೆಗಳ ಸಾಲು. ಕೊನೆಯದರ ಮುಂದೆ ಅವನ ತಂಗಿ ಬಟ್ಟೆ ಒಣಹಾಕುತ್ತಿದ್ದಳು.

ಬಿರುಕಿನ ಆಚೀಚೆ ಎರಡು ಗೂಟ ನೆಟ್ಟು, ಜೇಬಿನಲ್ಲಿದ್ದ ದಾರವನ್ನು ಬಿಗಿದು ಕಟ್ಟಿ ಬಂದ. ಮರುದಿನ ದಾರ ತುಂಡಾಗಿತ್ತು. ದನ ತುಳಿದಿರಬೇಕೆಂದುಕೊಂಡು ಇನ್ನೊಂದು ಕಟ್ಟಿದ. ಅದೂ ತುಂಡಾಯಿತು. ಬಿರುಕು ಅಗಲವಾಗುತ್ತಿದೆ ಎಂದು ತಂಗಿಯ ಮನೆಯಲ್ಲಿ ಹೇಳಿದ.

"ಗಣಿ ನಿಂತು ಹತ್ತು ವರ್ಷ ಆಯ್ತಲ್ಲ ಭಾವ," ಎಂದು ತಂಗಿಯ ಗಂಡ ನಕ್ಕ. "ಚಿತ್ರದ ಹುಚ್ಚು ನಿಮ್ಮ ತಲೆಗೇರಿದೆ."

ಪಂಚಾಯ್ತಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಹೋಗಿ ಎಂದರು. ಅವನು ಕೆಲಸದ ಜಾಗದಲ್ಲಿ ಏಣಿ ಕಿರ್ ಎಂದರೂ ಬೆಚ್ಚಿಬೀಳುತ್ತಿದ್ದ. ಐದನೇ ದಿನ ಬೆಳಿಗ್ಗೆ ನೇರ ತಂಗಿಯ ಮನೆಗೆ ಹೋಗಿ ಟ್ರಂಕನ್ನು ಹೊರಗೆ ಎಳೆಯತೊಡಗಿದ.

"ಅಣ್ಣ, ನಿಜ ಹೇಳು. ನಿನಗೆ ಭಯ ಆಗ್ತಿದ್ಯಾ?"

"ಆಗ್ತಿದೆ ಕಣೆ. ನಗೋರು ನಗಲಿ. ಮಕ್ಕಳನ್ನ ಕರ್ಕೊಂಡು ನಡಿ."

ಅಣ್ಣನ ಬಾಯಲ್ಲಿ ಅಂಥ ಮಾತನ್ನು ಅವಳು ಕೇಳಿದ್ದೇ ಇಲ್ಲ. ಮನೆಮನೆಯ ಬಾಗಿಲು ಬಡಿದಳು. ಸಂಜೆಯೊಳಗೆ ಸಾಲು ಖಾಲಿಯಾಯಿತು. ಕೆಲವರು ಗೊಣಗುತ್ತಲೇ ಹೊರಟರು.

ಎರಡು ದಿನ ಏನೂ ಆಗಲಿಲ್ಲ. ಮೂರನೇ ದಿನ ಮಧ್ಯಾಹ್ನ ಗುಡ್ಡ ಮನೆಗಳ ಮೇಲೆ ಕುಸಿಯಿತು. ಹೊಲಿಗೆ ಯಂತ್ರ ತರುತ್ತೇನೆಂದು ಹಿಂದಿರುಗಿದ್ದ ತಂಗಿಯ ಗಂಡನ ಕಾಲು ಕಲ್ಲಿನಡಿ ಸಿಕ್ಕಿ ಮುರಿಯಿತು. ಉಳಿದ ಯಾರಿಗೂ ಕೂದಲೂ ಕೊಂಕಲಿಲ್ಲ.

ನಾಲ್ಕನೇ ಮಗ್ಗುಲನ್ನು ಬರೆದು ಮುಗಿಸಲು ಅವನಿಗೆ ಒಂದು ವರ್ಷ ಹಿಡಿಯಿತು. ಕುಳಿತಾಗಲೆಲ್ಲ ಕೈ ನಡುಗುತ್ತಿತ್ತು. "ನಡುಗಲಿ ಬಿಡಿ, ಗೆರೆ ನೆಟ್ಟಗಿರಬೇಕು ಅಂತ ಯಾರು ಹೇಳಿದ್ರು?" ಎಂದರು ಟೀಚರ್.

ಊರುಗೋಲು ಹಿಡಿದು ಬಂದ ತಂಗಿಯ ಗಂಡ ಚಿತ್ರವನ್ನು ಬಹಳ ಹೊತ್ತು ನೋಡಿದ.

"ನಮ್ಮನೆ ಎಲ್ಲಿದೆ ಭಾವ?"

ಅವನು ಬೂದು ತುಂಡುಗಳ ಬುಡದಲ್ಲಿದ್ದ ಪುಟ್ಟ ಹಳದಿ ಚೌಕದ ಮೇಲೆ ಬೆರಳಿಟ್ಟ.