ಕಾಗದದ ತೊಟ್ಟಿಗೆ ಬಿದ್ದ ಬಿಸಿನೀರು

ನಮ್ಮೂರಿನಲ್ಲಿ ಕಾಗದ ಮಾಡುವ ತಣ್ಣೀರಿನ ತೊಟ್ಟಿಯಲ್ಲಿ ಟೊಕುಯೆ ಅಜ್ಜಿ ನಲವತ್ತು ಚಳಿಗಾಲ ಕೈ ಅದ್ದಿದ್ದರು. ಆ ಕೈ ಸೋಕಿದರೆ ಹಿಮವೂ ನಡುಗಿ ಕಂಬಳಿ ಹುಡುಕುತ್ತಿತ್ತು. ಬುದ್ಧನ ಗುಡಿಯ ಬಾಗಿಲುಗಳಿಗೆ ಅಂಟಿಸಲು ಸಂಜೆಯೊಳಗೆ ಇನ್ನೂರು ಹಾಳೆ ಕೊಡಬೇಕಿದ್ದ ದಿನವೇ ಸೊಸೆ ಮಿಸಾವೊ ಕನಿಕರಪಟ್ಟು ತೊಟ್ಟಿಗೆ ಬಿಸಿನೀರು ಸುರಿದಳು. ನಾರುಗಳನ್ನು ಬಿಡಿಬಿಡಿಯಾಗಿ ತೇಲಿಸುವ ಬೇರಿನ ಲೋಳೆ ಕಾದು ತೆಳ್ಳಗಾಯಿತು. ಉದ್ದನೆಯ ನಾರುಗಳು ಒಂದಕ್ಕೊಂದು ಸುತ್ತಿಕೊಂಡು ಗಂಟಾದವು.

“ನಿಮ್ಮ ಕೈಗೆ ಹಿತವಾಗ್ಲಿ ಅಂತ, ಅತ್ತೆ...”

“ಕನಿಕರಾನ ಚಹಾಕ್ಕೆ ಹಾಕ್ಕೋ ತಾಯಿ, ತೊಟ್ಟಿಗಲ್ಲ. ನಾರಿಗೆ ಚಳಿನೇ ಬೇಕು. ಹೋಗು, ಬೇರು ಜಜ್ಜು.”

ತಣ್ಣೀರಿಗೆ ಹೊಸ ನಾರು, ಹೊಸ ಲೋಳೆ ಕಲಸಿದ್ದಾಯಿತು. ಆದರೆ ಚಳಿಗೆ ಮರಗಟ್ಟಿದ್ದ ಅಜ್ಜಿಯ ಬೆರಳುಗಳಿಗೆ ನಾರನ್ನು ಹಾಳೆಯಾಗಿ ಎತ್ತುವ ಜರಡಿಯ ಚೌಕಟ್ಟನ್ನು ಹಿಡಿಯಲಾಗಲಿಲ್ಲ.

“ಪಕ್ಕಕ್ಕೆ ಸರೀರಿ ಅತ್ತೆ,” ಎಂದು ಮಿಸಾವೊ ತಾನೇ ಚೌಕಟ್ಟನ್ನು ನೀರಿಗಿಳಿಸಿದಳು.

“ಮೆಲ್ಲಗೆ ಅಲ್ಲಾಡ್ಸು,” ಎಂದಷ್ಟೇ ಹೇಳಿ ಅಜ್ಜಿ ಗೋಡೆಗೆ ಒರಗಿದರು.